ಕಪ್ಪಿನೊಳಗಿನ ಕಡಲೆಕಾಯಿ

ಪ್ರಶ್ನೆ: ಅಮೆರಿಕದಿಂದ ರಜೆಗೆ ಬಂದ ನಮ್ಮ ಅಣ್ಣನ ಮಗಳು ಕಿತ್ತಳೆ ಬಣ್ಣದ ಹೊದಿಕೆಯ ‘ರೀಸಸ್’ ಚಾಕೊಲೇಟ್ ತಂದಿದ್ದಾಳೆ. ಒಳಗೆ ಉಪ್ಪುಪ್ಪಾದ ಕಡಲೆಕಾಯಿ ಹೂರಣವಿದೆ. ಅಲ್ಲಿ ಇದಕ್ಕೇಕೆ ಇಷ್ಟು ಪ್ರೀತಿ? ನಮ್ಮ ಅಚ್ಚುಬೆಲ್ಲ ಹಾಕಿ ಮನೆಯಲ್ಲಿ ಮಾಡಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಪೆನ್ಸಿಲ್ವೇನಿಯಾದ ಹ್ಯಾರಿ ಬರ್ನೆಟ್ ರೀಸ್ ಎಂಬಾತ ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಷೀಯವರ ಹೈನುಗಾರಿಕೆಯಲ್ಲಿ ಕೆಲಸಕ್ಕಿದ್ದವರು. ಹದಿನಾರು ಮಕ್ಕಳ ಸಂಸಾರ ಅವರದು. ಸಂಬಳವೊಂದರಿಂದಲೇ ಅದನ್ನು ತೂಗಿಸುವುದು ಸುಲಭವಿದ್ದಿರಲಾರದು. 1923ರಲ್ಲಿ ಸ್ವಂತ ಮಿಠಾಯಿ ಕಂಪನಿ ತೆರೆದ ಅವರು, ಹರ್ಷೀ ಚಾಕೊಲೇಟನ್ನೇ ಕೊಂಡು ಬಗೆಬಗೆಯ ತಿನಿಸುಗಳನ್ನು ತಯಾರಿಸಿದರು. 1928ರಲ್ಲಿ ಬಂದ ಪೀನಟ್ ಬಟರ್ ಕಪ್, ಅಂದರೆ ಕಡಲೆಕಾಯಿ ಹೂರಣ ತುಂಬಿದ ಈ ಬಟ್ಟಲಿನಾಕಾರದ ಚಾಕೊಲೇಟ್, ಅವುಗಳಲ್ಲಿ ಒಂದು ಮಾತ್ರ.

ಅದಕ್ಕೆ ಅಗ್ರಸ್ಥಾನ ದೊರಕಿಸಿದ್ದು ಸಕ್ಕರೆಯ ಕೊರತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿಯೂ ಸಕ್ಕರೆಗೆ ಪಡಿತರ ಬಂದಾಗ, ಉಳಿದ ಮಿಠಾಯಿಗಳಿಗಿಂತ ಕಡಿಮೆ ಸಕ್ಕರೆ ಬೇಡುತ್ತಿದ್ದ ಈ ಕಪ್ಪೊಂದನ್ನೇ ಉಳಿಸಿಕೊಂಡು ರೀಸ್ ಮಿಕ್ಕವನ್ನೆಲ್ಲ ಕೈಬಿಟ್ಟರು. ಸಕ್ಕರೆ ಕಾರ್ಖಾನೆಯ ಊರಾದ ಮಂಡ್ಯದವರಿಗೆ ಇದು ತುಸು ವಿಚಿತ್ರವೆನಿಸಬಹುದು. 1956ರಲ್ಲಿ ರೀಸ್ ತೀರಿಕೊಂಡರು. 1963ರಲ್ಲಿ ಅವರ ಕಂಪನಿ ಹರ್ಷೀ ಕಂಪನಿಯೊಡನೆ ವಿಲೀನವಾಯಿತು.

1982ರ ‘ಇ.ಟಿ.’ ಚಲನಚಿತ್ರದಿಂದ ಈ ಹೆಸರು ಇನ್ನಷ್ಟು ಮನೆಮಾತಾಯಿತು. ಆದರೆ ಅಲ್ಲಿ ಕಾಣಿಸುವುದು ಕಪ್ ಅಲ್ಲ, ‘ರೀಸಸ್ ಪೀಸಸ್’ ಎಂಬ ಬಣ್ಣಬಣ್ಣದ ಗುಂಡುಮಿಠಾಯಿ. ಜನಪ್ರಿಯತೆಯನ್ನೆಲ್ಲ ಜಾಹೀರಾತಿನ ಲೆಕ್ಕಕ್ಕೆ ಬರೆಯುವುದಂತೂ ಸರಿಯಲ್ಲ. ಒಬ್ಬಟ್ಟಿನ ಕಣಕಕ್ಕೆ ಚಿಟಿಕೆ ಉಪ್ಪು ಬೆರೆಸುವವರಿಗೆ ಗೊತ್ತಿರುವಂತೆ, ಉಪ್ಪು ಸಿಹಿಯನ್ನು ಎತ್ತಿಕೊಡುತ್ತದೆ. ಕಪ್ಪಿನ ರುಚಿಯ ಗುಟ್ಟು ಬಹುಮಟ್ಟಿಗೆ ಅಷ್ಟೇ.

ಇನ್ನು ಅಚ್ಚುಬೆಲ್ಲದ ವಿಚಾರ. ಕಡಲೆಮಿಠಾಯಿಯಲ್ಲಿ ಬೆಲ್ಲವನ್ನು ಗಟ್ಟಿ ಪಾಕಕ್ಕೆ ತರುವುದರಿಂದ ಅದರ ನೀರಿನಂಶ ಹೋಗುತ್ತದೆ. ಹಸಿ ಬೆಲ್ಲದಲ್ಲಾದರೋ ತೇವ ಉಳಿದಿರುತ್ತದೆ, ಕರಗಿಸಿದ ಚಾಕೊಲೇಟಿಗೆ ನಾಲ್ಕು ಹನಿ ನೀರು ತಗುಲಿದರೂ ಅದು ಗಂಟುಗಟ್ಟಿಬಿಡುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿದ ಬೆಲ್ಲದ ಪುಡಿಯನ್ನು ಹೂರಣಕ್ಕೆ ಮಾತ್ರ ಬೆರೆಸಿ. ಅದು ಸಿಗದಿದ್ದರೆ ಸಕ್ಕರೆಪುಡಿಯೇ ಲೇಸು. ಚಾಕೊಲೇಟಿನಲ್ಲಿರುವ ಕೊಬ್ಬಾದ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಮಾಡಿದ್ದನ್ನು ಫ್ರಿಜ್ಜಿನಲ್ಲಿಡದೆ ಗತ್ಯಂತರವಿಲ್ಲ. ಹಾಗೆಂದು ಬಹಳ ದಿನ ಇಡಬೇಡಿ, ಕಡಲೆಕಾಯಿ ಎಣ್ಣೆ ಮೆಲ್ಲನೆ ಹೊರಪದರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ.