ಬಟನ್ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ!

ಪ್ರಶ್ನೆ: ತಮ್ಮನ ಮದುವೆಗೆಂದು ವೆಬ್ ಪುಟ ಮಾಡಿದ್ದೇನೆ. ಹನ್ನೆರಡು ಫೋಟೊ, ಕೆಳಗೆ ‘ಬರುತ್ತೇವೆ’ ಎಂಬ ಬಟನ್. ಜಾವಾಸ್ಕ್ರಿಪ್ಟ್ ಫೈಲನ್ನು ಪುಟದ ಕೋಡಿನ ಮೇಲ್ಭಾಗವಾದ ಹೆಡ್‌ನಲ್ಲಿ ಸೇರಿಸಿದಾಗ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲಿನಲ್ಲಿ ‘ನಲ್’ ಎಂಬ ಎರರ್ ಬಂತು. ಗೆಳೆಯ ಹೇಳಿದನೆಂದು ಕೋಡನ್ನೆಲ್ಲ ವಿಂಡೋದ ಲೋಡ್ ಈವೆಂಟಿನೊಳಗೆ (ಪುಟ ಪೂರ್ತಿ ಬಂದಾಗ ಬ್ರೌಸರ್ ಕೊಡುವ ಸೂಚನೆ) ಹಾಕಿದೆ. ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಿದೆ. ಊರಲ್ಲಿರುವ ಅತ್ತೆ ಮಾತ್ರ ‘ಎಷ್ಟು ಒತ್ತಿದರೂ ಏನೂ ಆಗಲ್ಲ’ ಅನ್ನುತ್ತಾರೆ. ಯಾಕೆ?

ಉತ್ತರ: ಮೊದಲು ಆ ‘ನಲ್’ ವಿಚಾರ. ಬ್ರೌಸರ್ ಪುಟದ ರಚನೆಯನ್ನು ಬರೆದಿರುವ ಎಚ್‌ಟಿಎಂಎಲ್ ಅನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ. ನಡುವೆ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕರೆ ಓದು ಅಲ್ಲಿಗೇ ನಿಲ್ಲುತ್ತದೆ. ಫೈಲ್ ಬರಬೇಕು, ಕೋಡ್ ಓಡಿ ಮುಗಿಯಬೇಕು, ಆಮೇಲೆಯೇ ಮುಂದಿನ ಸಾಲು. ನಿಮ್ಮ ಕೋಡ್ ಬಟನ್ ಹುಡುಕಿದಾಗ ಬ್ರೌಸರ್ ಇನ್ನೂ ಬಟನ್, ಫೋಟೊಗಳಿರುವ ‘ಬಾಡಿ’ ಭಾಗಕ್ಕೇ ಕಾಲಿಟ್ಟಿರಲಿಲ್ಲ. ಇಲ್ಲದ್ದನ್ನು ಹುಡುಕಿದರೆ ಸಿಗುವುದು ನಲ್, ಅಂದರೆ ‘ಏನೂ ಇಲ್ಲ’.

ಲೋಡ್ ಈವೆಂಟಿನಿಂದ ಎರರ್ ಹೋಯಿತು ನಿಜ, ಆದರೆ ಅದು ಪುಟದ ಫೋಟೊಗಳೆಲ್ಲ ಇಳಿಯುವವರೆಗೂ ಕಾಯುತ್ತದೆ. ನಿಮಗೆ ಅದು ಒಂದು ಕ್ಷಣ. ಅತ್ತೆಯ ಫೋನಿನಲ್ಲಿ ಬಟನ್ ಆಗಲೇ ಕಾಣುತ್ತಿರುತ್ತದೆ, ಐದನೇ ಫೋಟೊ ಇನ್ನೂ ಅರ್ಧ ಇಳಿದಿರುತ್ತದೆ, ಅವರು ಒತ್ತುತ್ತಾರೆ. ಆ ಒತ್ತನ್ನು ಕೇಳಿಸಿಕೊಳ್ಳುವ ಕೋಡ್ ಇನ್ನೂ ಓಡಿಯೇ ಇಲ್ಲ. ಕನ್ಸೋಲಿನಲ್ಲೂ ಸುಳಿವಿಲ್ಲ. ನನ್ನ ಪ್ರಕಾರ ಇದು ಮೊದಲಿನ ಎರರ್‌ಗಿಂತ ಕೆಟ್ಟದ್ದು, ಏಕೆಂದರೆ ಒತ್ತಿದವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಫೋಟೊಗಳ ಅಳತೆ ನೋಡಿ ಮಾಡುವ ಕೆಲಸವಿದ್ದರೆ ಮಾತ್ರ ಲೋಡ್‌ಗೆ ಕಾಯಿರಿ.

ಹೆಡ್‌ನಲ್ಲಿರುವ ಸ್ಕ್ರಿಪ್ಟ್ ಟ್ಯಾಗಿಗೆ ‘ಡಿಫರ್’ (defer) ಎಂಬ ಒಂದು ಪದ ಸೇರಿಸಿ. ಆಗ ಓದು ನಿಲ್ಲುವುದಿಲ್ಲ, ಫೈಲ್ ಪಕ್ಕದಲ್ಲೇ ಇಳಿಯುತ್ತಿರುತ್ತದೆ, ಎಚ್‌ಟಿಎಂಎಲ್ ಪೂರ್ತಿ ಓದಿ ಮುಗಿದ ಮೇಲೆ ಕೋಡ್ ಓಡುತ್ತದೆ. ಫೋಟೊಗಳಿಗಾಗಿ ಕಾಯುವುದಿಲ್ಲ. ಎರಡು ಮೂರು ಫೈಲ್ ಇದ್ದರೂ ನೀವು ಬರೆದ ಕ್ರಮದಲ್ಲೇ ಓಡುತ್ತವೆ. ಲೋಡ್ ಈವೆಂಟಿನ ಹೊದಿಕೆಯನ್ನು ಮರೆಯದೆ ತೆಗೆಯಿರಿ. ಅದು ಉಳಿದರೆ ಅತ್ತೆಯ ಪಾಡು ಹಾಗೇ ಇರುತ್ತದೆ. ಇನ್ನೊಂದು, ಕೋಡ್ ಬೇರೆ ಫೈಲಿನಲ್ಲಿದ್ದರೆ ಮಾತ್ರ ಡಿಫರ್ ನಡೆಯುತ್ತದೆ. ಟ್ಯಾಗಿನೊಳಗೇ ಬರೆದ ಸಾಮಾನ್ಯ ಕೋಡಿಗೆ ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು.

ಡಿಫರ್ ಬದಲು ‘ಅಸಿಂಕ್’ (async) ಹಾಕಿ ಎಂದೂ ಯಾರಾದರೂ ಹೇಳಬಹುದು. ಅದರಲ್ಲಿ ಫೈಲ್ ಬಂದ ಕೂಡಲೇ ಓಡುತ್ತದೆ, ಬಟನ್ ಹುಟ್ಟಿರಲಿ ಬಿಡಲಿ. ಭೇಟಿ ಎಣಿಸುವಂಥ, ಪುಟದ ಗೊಡವೆಗೆ ಹೋಗದ ಸ್ಕ್ರಿಪ್ಟಿಗೆ ಅದು ಸರಿ, ನಿಮಗೆ ಬೇಡ.

ಬದಲಾಯಿಸಿದ ಮೇಲೆ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ, ಕ್ಯಾಶೆ (ಬ್ರೌಸರ್ ಹಿಂದೆ ಇಳಿಸಿ ಉಳಿಸಿಕೊಂಡ ಪ್ರತಿಗಳು) ಆಫ್ ಮಾಡಿ ಪುಟ ರೀಲೋಡ್ ಮಾಡಿ. ಫೋಟೊಗಳು ಇನ್ನೂ ಇಳಿಯುತ್ತಿರುವಾಗಲೇ ‘ಬರುತ್ತೇವೆ’ ಒತ್ತಿ ನೋಡಿ.