ಮಂಡಿಯ ಲೆಕ್ಕ ಬರೆಯುವ ವಿಶ್ವಾಸಿ ಏನು ಮಾಡಬೇಕು?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಹಲವು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ರೈತರಿಂದ ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿದು ಅಧಿಕೃತ ಬಿಲ್ಲಿನ ಬದಲು ಬಿಳಿ ಚೀಟಿ ಕೊಡುವುದು, ಹರಾಜಿನಲ್ಲಿ ಕೂಗಿದ್ದಕ್ಕಿಂತ ಕಡಿಮೆ ದರ ಬರೆಯುವುದು, ಒಂದಷ್ಟು ಬಾಕ್ಸ್‌ಗಳನ್ನು ಹಾಳಾಗಿವೆ ಎಂದು ಕಳೆಯುವುದು ಎಲ್ಲವೂ ನನ್ನ ಕೈಯಿಂದಲೇ ಆಗುತ್ತದೆ. ಈಗ ಪ್ರಾರ್ಥನೆಗೆ ಕುಳಿತರೆ ಆ ಚೀಟಿಗಳೇ ಕಣ್ಣ ಮುಂದೆ ಬರುತ್ತವೆ. ಸಭೆಯ ಹಿರಿಯರೊಬ್ಬರು, ‘ನಾಳೆಯೇ ಕೆಲಸ ಬಿಡು, ಕರ್ತನು ಇದಕ್ಕಿಂತ ಒಳ್ಳೆಯದನ್ನು ಕೊಡುತ್ತಾನೆ’ ಎನ್ನುತ್ತಾರೆ. ನನ್ನ ಭಾವಮೈದುನ, ‘ಈ ಕೆಲಸ ಕೊಟ್ಟವನೂ ಕರ್ತನೇ, ಪಾಪವೆಲ್ಲ ಮಾಲೀಕರದು’ ಎನ್ನುತ್ತಾನೆ. 2001ರಲ್ಲಿ ಕೆ.ಜಿ.ಎಫ್. ಗಣಿ ಮುಚ್ಚಿ ಅಪ್ಪನ ಕೆಲಸ ಹೋದಾಗ ಮನೆ ಪಟ್ಟ ಪಾಡು ನನಗೆ ನೆನಪಿದೆ. ಈಗ ನನಗೂ ಇಬ್ಬರು ಮಕ್ಕಳಿದ್ದಾರೆ. ಹೆಂಡತಿಗೆ ಇನ್ನೂ ಏನೂ ಹೇಳಿಲ್ಲ. ದೇವರ ಮೇಲೆ ಭಾರ ಹಾಕಿ ಹೊರಬರಲೇ?
– ಹೆಸರು ಬೇಡ, ಕೋಲಾರ

ಉತ್ತರ: ಮೊದಲಿಗೆ ನಿಮ್ಮ ಭಾವಮೈದುನರ ಮಾತನ್ನು ಬದಿಗಿಡೋಣ. ನಮ್ಮ ರಾಜ್ಯದ ಕೃಷಿ ಮಾರುಕಟ್ಟೆ ಕಾಯಿದೆಯ ಪ್ರಕಾರ ಮಂಡಿಯವರ ಕಮಿಷನ್ ಖರೀದಿದಾರರು ಕೊಡಬೇಕಾದದ್ದೇ ಹೊರತು ರೈತರಿಂದ ಹಿಡಿಯುವಂಥದ್ದಲ್ಲ. ಅಳತೆಯಲ್ಲಿಯೂ ತೂಕದಲ್ಲಿಯೂ ಅನ್ಯಾಯ ಮಾಡಬಾರದೆಂಬ ಆಜ್ಞೆ ಬೈಬಲಿನ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ, ಮತ್ತು ಆ ಆಜ್ಞೆಯಲ್ಲಿ ಹೇಳಿಸಿದವನು, ಬರೆದವನು ಎಂಬ ಭೇದವಿಲ್ಲ. ಸಾಲ ಮಾಡಿ ಬೆಳೆದ ರೈತನ ಹಣ ಕಡಿಮೆಯಾಗುವುದು ನಿಮ್ಮ ಅಕ್ಷರದಲ್ಲಿ. ಇದು ನಿಮಗೆ ಆಗಲೇ ಗೊತ್ತಿರುವುದರಿಂದಲೇ ಈ ಪತ್ರ ಬಂದಿದೆ.

ಸಭೆಯ ಹಿರಿಯರ ಮಾತು ಹೆಚ್ಚು ಭಕ್ತಿಯುಳ್ಳದ್ದಾಗಿ ಕೇಳಿಸುತ್ತದೆಯಾದರೂ ಅದರಲ್ಲಿ ನನಗೆ ಒಪ್ಪಿಗೆಯಾಗದ ಅಂಶವೊಂದಿದೆ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸುಂಕದವರು ಸ್ನಾನಿಕ ಯೋಹಾನನ ಬಳಿಗೆ ಬಂದು ತಾವು ಏನು ಮಾಡಬೇಕೆಂದು ಕೇಳುತ್ತಾರೆ. ಜನರೆಲ್ಲ ಹೇಸುತ್ತಿದ್ದ ಆ ವೃತ್ತಿಯನ್ನು ಬಿಟ್ಟುಬಿಡಿರೆಂದು ಆತನು ಹೇಳಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚಾಗಿ ವಸೂಲು ಮಾಡಬೇಡಿರಿ ಎಂದನು. ಸಿಪಾಯಿಗಳಿಗೂ ಯಾರನ್ನೂ ಹೆದರಿಸಿ ಹಣ ಕಿತ್ತುಕೊಳ್ಳದೆ ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದನೇ ಹೊರತು ಕತ್ತಿಯನ್ನು ಕೆಳಗಿಡಿರೆಂದು ಹೇಳಲಿಲ್ಲ. ವಿಧೇಯತೆ ಅಲ್ಲಿ ಕೆಲಸ ಮಾಡುವ ಕೈಯಿಂದಲೇ ಆರಂಭವಾಗುತ್ತದೆ. ರಾಜೀನಾಮೆ ಕೊಡುವುದಕ್ಕಿಂತ ಇದು ಕಷ್ಟ, ಏಕೆಂದರೆ ರಾಜೀನಾಮೆ ಒಂದೇ ದಿನದ ಧೈರ್ಯದಿಂದ ಮುಗಿದುಹೋಗುತ್ತದೆ. ಅದೇ ಮಂಡಿಯಲ್ಲಿ, ಅದೇ ಮಾಲೀಕರ ಎದುರಿಗೆ ಕುಳಿತು ಸರಿಯಾದ ದರವನ್ನು ಬರೆಯಲು ಪ್ರತಿದಿನವೂ ಧೈರ್ಯ ಬೇಕು.

ಆದ್ದರಿಂದ ನಾಳೆಯಿಂದ ನೀವು ಬಿಡಬೇಕಾದದ್ದು ಸುಳ್ಳು ಚೀಟಿಯನ್ನು. ಇದರಲ್ಲಿ ಕಾಲಾವಕಾಶ ಕೇಳುವುದಕ್ಕೆ ಎಡೆಯಿಲ್ಲ. ಸೀಸನ್ ಮುಗಿಯಲಿ, ಮಕ್ಕಳ ಶುಲ್ಕ ಕಟ್ಟಿಯಾಗಲಿ ಎಂದು ಮುಂದೂಡಿದರೆ ಅದು ಮುಂದಿನ ವರ್ಷಕ್ಕೂ ಹೋಗುತ್ತದೆ. ಆದರೆ ಹೇಳುವ ರೀತಿಯನ್ನು, ಸೆರೆಯಾಗಿ ಬಾಬಿಲೋನಿನ ಅರಮನೆ ಸೇರಿದ ದಾನಿಯೇಲನಿಂದ ಕಲಿಯಬಹುದು. ಅರಸನ ಭೋಜನದಿಂದ ತನ್ನನ್ನು ಅಶುದ್ಧಪಡಿಸಿಕೊಳ್ಳಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿದ ಆತನು ತಟ್ಟೆಯನ್ನು ತಳ್ಳಿ ಎದ್ದುಹೋಗದೆ, ಮೇಲ್ವಿಚಾರಕನನ್ನು ವಿನಯದಿಂದ ಬೇಡಿಕೊಂಡು, ಹತ್ತು ದಿನ ಪರೀಕ್ಷಿಸಿ ನೋಡೆಂದು ಕೇಳಿದನು. ನೀವೂ ಮಾಲೀಕರೊಬ್ಬರೇ ಇರುವ ಹೊತ್ತು ನೋಡಿ, ಅವರ ಮೇಲೆ ದೂರು ಹೊರಿಸದೆ, ‘ನನ್ನ ದೇವರಿಗೆ ಉತ್ತರ ಕೊಡಬೇಕಾದವನು ನಾನು, ಈ ಚೀಟಿಗಳನ್ನು ಬರೆಯಲಾರೆ, ಲಾರಿ ಲೋಡಿನ ಲೆಕ್ಕವನ್ನೋ ಹಮಾಲರ ಕೂಲಿಯ ಲೆಕ್ಕವನ್ನೋ ಕೊಡಿ, ಪೈಸೆ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುತ್ತೇನೆ’ ಎಂದು ಕೇಳಿ. ಇದು ಉಂಡ ಮನೆಗೆ ಎರಡು ಬಗೆಯುವುದಲ್ಲ. ಇಷ್ಟು ವರ್ಷ ದುಡಿದವರು ಮುಖ ನೋಡಿ ಆಡಬಹುದಾದ ಮಾತು. ಬೇರೆ ಲೆಕ್ಕ ಕೊಟ್ಟ ಮೇಲೂ ಸುಳ್ಳು ಚೀಟಿಗೆ ನಿಮ್ಮ ಸಹಿಯನ್ನೋ ಸಾಕ್ಷಿಯನ್ನೋ ಕೇಳಿದರೆ, ಆಗ ಹಿರಿಯರು ಹೇಳಿದಂತೆ ಹೊರಬರಲೇಬೇಕು.

ಮಾಲೀಕರು ಒಪ್ಪದೆ ನಿಮ್ಮನ್ನು ಕಳುಹಿಸಿಬಿಡಬಹುದು. ಆಗ ಕರ್ತನು ಇದಕ್ಕಿಂತ ಒಳ್ಳೆಯ ಕೆಲಸವನ್ನು ಕೊಟ್ಟೇ ಕೊಡುತ್ತಾನೆಂದು ನಾನು ಬರೆಯಲಾರೆ, ಏಕೆಂದರೆ ಹಾಗೆಂಬ ವಾಗ್ದಾನ ಎಲ್ಲಿಯೂ ಇಲ್ಲ. ಅನುದಿನದ ಆಹಾರವನ್ನು ಕೇಳಿಕೊಳ್ಳಲು ಯೇಸು ಕಲಿಸಿದನು. ಮೊದಲಿಗಿಂತ ಹೆಚ್ಚಿನ ಸಂಬಳದ ಮಾತು ಅಲ್ಲಿಲ್ಲ. ಉರಿಯುವ ಕುಲುಮೆಯ ಮುಂದೆ ನಿಂತ ಮೂವರು ಯೌವನಸ್ಥರು, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ಅರಸನು ನಿಲ್ಲಿಸಿದ ಪ್ರತಿಮೆಗೆ ನಾವು ಅಡ್ಡಬೀಳುವುದಿಲ್ಲ ಎಂದರು. ಆ ‘ಬಿಡಿಸದಿದ್ದರೂ’ ಎಂಬ ಮಾತನ್ನು ನೀವು ಹೇಳಬಲ್ಲಿರಾದರೆ ನಿಮ್ಮ ನಂಬಿಕೆಗೆ ಬುಡ ಸಿಕ್ಕಿದೆ. ಕೆಲಸ ಬಿಟ್ಟ ವಾರವೇ ಬೇರೊಂದು ಸಿಗಬೇಕೆಂದು ಗಡುವು ಹಾಕಿಕೊಂಡರೆ ಅದು ದೇವರನ್ನು ಪರೀಕ್ಷಿಸುವುದಾಗುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಆಹಾರವಾಗಿ ಕೊಟ್ಟ ಮನ್ನವೂ ಗುಡಾರದೊಳಗೆ ಬೀಳುತ್ತಿರಲಿಲ್ಲ, ಜನರು ಬೆಳಿಗ್ಗೆ ಎದ್ದು ಹೊರಗೆ ಹೋಗಿ ಕೂಡಿಸಿಕೊಳ್ಳಬೇಕಾಗಿತ್ತು. ಹಾಗೆಯೇ ನೀವು ಇಂದಿನಿಂದಲೇ ಬೇರೆ ಕೆಲಸ ವಿಚಾರಿಸುವುದು ಅಪನಂಬಿಕೆಯಲ್ಲ. ಲೆಕ್ಕ ಬಲ್ಲವರು ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳಲ್ಲಿಯೂ ಕೇಳಿ ನೋಡಬಹುದು. ಹಿರಿಯರಿಗೂ ನನ್ನದೊಂದು ವಿನಂತಿ: ಕೆಲಸ ಬಿಡೆಂದು ಹೇಳುವ ಸಭೆಯು, ಬಿಟ್ಟವನ ಮನೆಗೆ ಅಕ್ಕಿ, ರಾಗಿ ತಲುಪಿಸುವ ಹೊಣೆಯನ್ನೂ ಹೊರಬೇಕು.

ಹಿಂದೆ ಬರೆದ ಚೀಟಿಗಳ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಆ ಹಣವೆಲ್ಲ ಮಾಲೀಕರಿಗೆ ಹೋಗಿರುವುದರಿಂದ ನೀವು ಅಷ್ಟು ಕೊಡಲಾರಿರಿ. ಆದರೆ ಅದರಲ್ಲಿ ನಿಮ್ಮ ಕೈಗೆ ಇನಾಮೆಂದು ಬಂದದ್ದೇನಾದರೂ ಇದ್ದರೆ ಅದು ನಿಮ್ಮದಲ್ಲ. ಗುರುತಿರುವ ರೈತರಿಗೆ ನಿಧಾನವಾಗಿಯಾದರೂ ಹಿಂದಿರುಗಿಸಿ. ಹಳೆಯ ಚೀಟಿ ಹಿಡಿದು ಯಾರಾದರೂ ವಿಚಾರಿಸಲು ಬಂದರೆ ನಿಜವನ್ನು ಹೇಳಿ.

ಮಾಲೀಕರ ಬಳಿಗೆ ಹೋಗುವ ಮೊದಲು ನಿಮ್ಮ ಪತ್ನಿಗೆ ಎಲ್ಲವನ್ನೂ ತಿಳಿಸಿ. ಈ ವಿಧೇಯತೆಯ ಬೆಲೆಯನ್ನು ಅಡುಗೆಮನೆಯಲ್ಲಿ ತೆರುವವರು ಅವರು; ಅವರು ಅತ್ತರೆ, ಸಿಟ್ಟಾದರೆ, ವಾಕ್ಯ ಹೇಳಿ ಬಾಯಿ ಮುಚ್ಚಿಸದೆ ಕೇಳಿಸಿಕೊಳ್ಳಿ, ಮನೆಯ ಖರ್ಚಿನ ಲೆಕ್ಕವನ್ನು ಇಬ್ಬರೂ ಕುಳಿತು ಬರೆಯಿರಿ, ಆಮೇಲೆ ಇಬ್ಬರೂ ಸೇರಿ ಪ್ರಾರ್ಥಿಸಿ.