ಮಳೆಗಾಲದಲ್ಲಿ ಬಿಳಿ ಪುಡಿ ಬಿಡುವ ಪೈರೈಟ್: ಓದುಗರ ಪ್ರಶ್ನೆಗೆ ಆಭರಣ ತಯಾರಕರ ಉತ್ತರ

ಡ್ರೂಸಿ ಪೈರೈಟ್ ಬಗ್ಗೆ ಬರುವ ಪ್ರಶ್ನೆಗಳು ಪ್ರತಿ ವರ್ಷ ಅವೇ ಅವು. ಕಲ್ಲಿನ ಮೈತುಂಬ ಸಣ್ಣ ಸಣ್ಣ ಹರಳು ಒತ್ತೊತ್ತಾಗಿ ಕೂತು, ಹಿತ್ತಾಳೆ ಬಣ್ಣದಲ್ಲಿ ಮಿರಮಿರ ಮಿಂಚುತ್ತದಲ್ಲ, ಅದೇ. ಅಂಚು ತಿದ್ದಿ, ಬೆನ್ನು ಸಪಾಟು ಮಾಡಿ ಕ್ಯಾಬೋಶಾನ್ ಅಂತ ಮಾರುತ್ತಾರೆ. ಬೆಳ್ಳಿ ಪಟ್ಟಿ ಬಗ್ಗಿಸುವುದು, ಬೆಸುಗೆ ಹಾಕುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಪೈರೈಟ್ ತರಿಸಿ ಬೆಳ್ಳಿಯಲ್ಲಿ ಪೆಂಡೆಂಟ್ ಮಾಡಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಬೀರು ತೆಗೆದರೆ ಹರಳಿನ ಸಂದಿಯಲ್ಲಿ ಬಿಳಿ ಪುಡಿ, ಬೆಳ್ಳಿಯೆಲ್ಲ ಕಪ್ಪು. ಬೂಷ್ಟು ಅಂತ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಹಚ್ಚಿ ಉಜ್ಜಿದೆ. ಪುಡಿ ಹೋಗಿ ಮತ್ತೆ ಬಂತು. ಕಲ್ಲು ನಕಲಿಯೇ? (ಮಡಿಕೇರಿಯಿಂದ)

ನಕಲಿ ಅಲ್ಲ. ನಕಲಿಯಾಗಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. ಅದು ಬೂಷ್ಟೂ ಅಲ್ಲ.

ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ. ಗಾಳಿಯ ಜೊತೆ ತೇವ ಸೇರಿದರೆ ಅದು ನಿಧಾನಕ್ಕೆ ಕೆಡುತ್ತದೆ. ಕೆಡುವಾಗ ಕಬ್ಬಿಣದ ಸಲ್ಫೇಟ್ ಬಿಳಿ ಅಥವಾ ಹಳದಿ ಪುಡಿಯಾಗಿ ಹೊರಗೆ ಬರುತ್ತದೆ, ಜೊತೆಗೆ ಸಲ್ಫ್ಯೂರಿಕ್ ಆಮ್ಲವೂ ಹುಟ್ಟುತ್ತದೆ. ಗಂಧಕದ ಆವಿ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಈ ಕೆಲಸ ಚುರುಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಬೀರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮಿಗೇ ಬೂಷ್ಟು ಹಿಡಿಯುವ ಜಾಗದಲ್ಲಿ ಪೈರೈಟನ್ನು ಸುಮ್ನೆ ಇಟ್ಟರೆ ಅದು ಉಳಿಯುವುದು ಕಷ್ಟ.

ಕಾಚಂಪುಳಿಯನ್ನು ದಯವಿಟ್ಟು ಪಂದಿಕರಿಗೆ ಇಟ್ಟುಕೊಳ್ಳಿ. ಅದರ ಹುಳಿ ಪೈರೈಟನ್ನು ಕರಗಿಸುವುದಿಲ್ಲ, ನಿಜ. ಆದರೆ ಹರಳಿನ ಸಂದಿಗೆ ಇಳಿದ ನೀರು ಅಲ್ಲೇ ಉಳಿಯುತ್ತದೆ. ಅಡಿಕಲ್ಲಿನಲ್ಲಿ ಸುಣ್ಣದ ಅಂಶ ಇದ್ದರೆ ಹುಳಿ ಅದನ್ನು ತಿನ್ನುತ್ತದೆ, ಮೇಲಿನ ಹರಳು ಸಡಿಲವಾಗುತ್ತದೆ. ಹುಣಸೆಹಣ್ಣು, ನಿಂಬೆ, ಬೆಳ್ಳಿ ತೊಳೆಯುವ ದ್ರಾವಣ ಎಲ್ಲಕ್ಕೂ ಇದೇ ಮಾತು.

ಈಗ ಮಾಡಬೇಕಾದ್ದು ಇಷ್ಟು. ಒಣ ಮೆತ್ತನೆ ಬ್ರಷ್‌ನಿಂದ ಪುಡಿ ತೆಗೆಯಿರಿ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. 70 ಪರ್ಸೆಂಟಿನದು ಬೇಡ, ಅದರಲ್ಲಿ ನೀರು ಜಾಸ್ತಿ. ಆಮೇಲೆ ಟೇಬಲ್ ಲ್ಯಾಂಪ್ ಕೆಳಗೆ ಪೂರ್ತಿ ಒಣಗಿಸಿ. ಇಷ್ಟಾದ ಮೇಲೂ ಪುಡಿ ಬಂದರೆ ಆ ಕಲ್ಲು ಒಳಗಿನಿಂದಲೇ ಹೋಗಿದೆ. ಬಿಚ್ಚಿ ತೆಗೆದು ಬೆಳ್ಳಿ ಉಳಿಸಿಕೊಳ್ಳಿ. ಮೇಲೆ ವಾರ್ನಿಷ್ ಬಳಿದರೆ ನಿಲ್ಲುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಕೆಡಲು ಶುರುವಾದ ಕಲ್ಲಿಗೆ ವಾರ್ನಿಷ್ ಹಾಕಿದರೆ ತೇವವನ್ನು ಒಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಆರೋಗ್ಯವಾಗಿರುವ ಕಲ್ಲಿಗೆ ತೆಳುವಾಗಿ ಲ್ಯಾಕರ್ ಹೊಡೆದರೆ ಸ್ವಲ್ಪ ತಡೆಯುತ್ತದೆ, ಆದರೆ ಮಿಂಚು ಕಮ್ಮಿಯಾಗುತ್ತದೆ. ನಾನು ಹೊಡೆಯುವುದಿಲ್ಲ.

ಅಸಲಿ ಕೆಲಸ ಇರುವುದು ಕೊಳ್ಳುವಾಗ. ಹರಳು ಬಿಡಿಬಿಡಿಯಾಗಿ ಕಾಣುವ, ಮೂಲೆಗಳು ಚೂಪಾಗಿರುವ, ಕನ್ನಡಿಯ ಹಾಗೆ ಹೊಳೆಯುವ ಕಲ್ಲು ಜಾಸ್ತಿ ಬಾಳಿಕೆ ಬರುತ್ತದೆ. ಮರಳಿನಂತೆ ತೀರಾ ಸಣ್ಣ ಹರಳಿನ, ಮಂಕಾದ, ತೂತುತೂತಿನ ಕಲ್ಲು ಬೇಗ ಕೆಡುತ್ತದೆ. ಲೂಪ್ (ಕಲ್ಲು ನೋಡುವ ಭೂತಗನ್ನಡಿ) ಹಿಡಿದು ಸಂದಿ ನೋಡಿ. ಬಿಳಿ ಚುಕ್ಕೆ, ತುಕ್ಕು ಬಣ್ಣದ ಕಲೆ ಕಂಡರೆ ಬಿಟ್ಟುಬಿಡಿ. ಬಂದ ಕಲ್ಲನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿಟ್ಟು ಮಾರನೇ ದಿನ ತೆಗೆದು ಮೂಸಿ. ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂದರೆ ವಾಪಸ್ ಕಳಿಸಿ. ಫೋಟೋದಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಬೆನ್ನಿನ ಫೋಟೋ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಇನ್ನು ಅಂಚು. ಇದನ್ನು ಯಾರೂ ನೋಡುವುದೇ ಇಲ್ಲ. ಸುತ್ತಲೂ ಒಂದು ಮಿಲಿಮೀಟರಿನಷ್ಟಾದರೂ ಹರಳಿಲ್ಲದ, ಒಳಕ್ಕೆ ಇಳಿಜಾರಾದ ಅಂಚು ಇರಬೇಕು. ಬೆಳ್ಳಿ ಪಟ್ಟಿಯನ್ನು ಒತ್ತುವುದು ಆ ಅಂಚಿನ ಮೇಲೆ. ತುದಿಯವರೆಗೂ ಹರಳಿದ್ದರೆ ಪುಷರ್ (ಪಟ್ಟಿ ಒತ್ತುವ ಉಪಕರಣ) ತಾಗಿದ ತಕ್ಷಣ ಚಟ್ ಅಂತ ಹಾರುತ್ತದೆ. ಪೈರೈಟಿನ ಗಡಸುತನ 6ರಿಂದ 6.5. ಗೀರು ಬೀಳದೆ ಇರಬಹುದು, ಆದರೆ ಅದು ಪೆಡಸು, ಒತ್ತಡ ತಡೆಯುವುದಿಲ್ಲ. ಹಾಗಾಗಿ ಪಟ್ಟಿಗೆ ಶುದ್ಧ ಬೆಳ್ಳಿಯನ್ನೇ ಬಳಸಿ, ಅದು ಮೆದು. ಎದುರುಬದುರು ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಒತ್ತುತ್ತಾ ಬನ್ನಿ. ಒಂದೇ ಕಡೆಯಿಂದ ಸುತ್ತಿಕೊಂಡು ಹೋಗಬೇಡಿ.

ಕಲ್ಲು ಅಲ್ಲಾಡಿದರೆ ಅಡಿಗೆ ಮರದ ಹೊಟ್ಟು ತುಂಬುವ ಅಭ್ಯಾಸ ಹಲವರಿಗಿದೆ. ಕೊಡಗಿನಲ್ಲಿ ಅದು ಬೇಡವೇ ಬೇಡ. ಹೊಟ್ಟು ತೇವ ಹೀರಿ ಉಬ್ಬುತ್ತದೆ, ಕಲ್ಲಿನ ಬೆನ್ನಿಗೇ ಒದ್ದೆ ಬಟ್ಟೆ ಕಟ್ಟಿದಂತೆ ಆಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಇಡಿ. ಹಿಂದಿನ ತಗಡಿನಲ್ಲಿ ಸಣ್ಣ ಕಿಂಡಿ ಕೊರೆಯಿರಿ, ಒಳಗಿನ ತೇವಕ್ಕೆ ದಾರಿ ಬೇಕು. ಮಳೆಗಾಲದಲ್ಲಿ ನಾನು ಪೈರೈಟ್ ಕೂರಿಸುವ ಕೆಲಸ ಹಿಡಿಯುವುದೇ ಇಲ್ಲ. ಜನವರಿಯಿಂದ ಮಾರ್ಚ್, ಕಾಫಿ ಒಣಗುವ ಬಿಸಿಲಿನಲ್ಲಿ ಮಾಡುತ್ತೇನೆ. ಅವಸರ ಮಾಡುವ ಗಿರಾಕಿಗಳಿಗೆ ಬೇರೆ ಕಲ್ಲು ತೋರಿಸುತ್ತೇನೆ.

ಎತ್ತಿಡುವಾಗ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಮಣಿಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಾಯಿಸಿ. ಅಜ್ಜಿಯ ಕೊಕ್ಕೆತಾತಿ, ಜೋಮಾಲೆಯಂಥ ಕೊಡವ ಹಾರಗಳು, ಬೆಳ್ಳಿಯ ಪೀಚೆಕತ್ತಿ (ಸೊಂಟದ ಕಠಾರಿ) ಇರುವ ಡಬ್ಬಿಯಲ್ಲಿ ಮಾತ್ರ ಪೈರೈಟ್ ಇಡಬೇಡಿ. ಒಂದು ಕೆಟ್ಟ ಕಲ್ಲು ಪಕ್ಕದ ಬೆಳ್ಳಿಯನ್ನೂ ಕಪ್ಪು ಮಾಡುತ್ತದೆ.

ಕಲ್ಲು ಕೂರಿಸಿದ ಮೇಲೆ ಕೊಂಡಿಗೆ ಬೆಸುಗೆ ಹಾಕಬಹುದಾ? (ಕುಶಾಲನಗರದಿಂದ)

ಬೇಡ. ಬಿಸಿ ತಾಗಿದರೆ ಗಂಧಕದ ಹೊಗೆ ಬರುತ್ತದೆ. ಕಲ್ಲೂ ಹೋಗುತ್ತದೆ, ನಿಮ್ಮ ಗಂಟಲೂ ಉರಿಯುತ್ತದೆ. ಬೆಸುಗೆ, ಆಸಿಡ್, ಪಾಲಿಶ್ ಎಲ್ಲ ಮುಗಿದ ಮೇಲೇ ಕಲ್ಲು. ಅಲ್ಟ್ರಾಸಾನಿಕ್ ತೊಟ್ಟಿಗೂ ಹಾಕಬೇಡಿ.

ಉಂಗುರ ಮಾಡಿಕೊಡಿ ಅಂತ ಗಿರಾಕಿ ಹಟ ಹಿಡಿದಿದ್ದಾರೆ.

ಮಾಡಬೇಡಿ.

ಕೊಡವ ಸೀರೆಯ ಹೆಗಲಿಗೆ ಹಾಕುವ ಬ್ರೋಚ್ ಪೈರೈಟಿನಲ್ಲಿ ಮಾಡಬಹುದಾ? ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಬೇಕು. (ಪೊನ್ನಂಪೇಟೆಯಿಂದ)

ಮಾಡಬಹುದು, ಚೆನ್ನಾಗಿಯೂ ಕಾಣುತ್ತದೆ. ಪುತ್ತರಿ ಹೊತ್ತಿಗೆ ಮಳೆಯೂ ಕಮ್ಮಿ. ಆದರೆ ತೂಕ ನೋಡಿಕೊಳ್ಳಿ. ಪೈರೈಟ್ ನೀರಿಗಿಂತ ಐದು ಪಟ್ಟು ಭಾರ, ಸ್ಫಟಿಕ ಎರಡೂವರೆ ಪಟ್ಟು ಚಿಲ್ಲರೆ. ಅದೇ ಅಳತೆಯ ಸ್ಫಟಿಕದ ಬ್ರೋಚಿಗೆ ಹೋಲಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು ಭಾರ ರೇಷ್ಮೆಯನ್ನು ಎಳೆಯುತ್ತದೆ. ಚಿಕ್ಕ ಕಲ್ಲು, ಅಗಲದ ತಗಡು, ಎರಡು ಪಿನ್ ಇರಲಿ. ಹರಳು ಸೀರೆ ಕಡೆಗೆ ತಿರುಗದ ಹಾಗೆ ಮಾಡಿ, ಇಲ್ಲದಿದ್ದರೆ ನೂಲು ಕಿತ್ತು ಬರುತ್ತದೆ. ಚಿನ್ನದ ಬಣ್ಣ ಬಳಿದ ಸ್ಫಟಿಕ ಡ್ರೂಸಿಯನ್ನು ಪೈರೈಟ್ ಅಂತ ಮಾರುವವರಿದ್ದಾರೆ. ಅಂಗೈಯಲ್ಲಿಟ್ಟರೆ ಈ ತೂಕದಿಂದಲೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಸಿಗುವ ಮಾರ್ಕಸೈಟ್ ಉಂಗುರ ಬೇರೆಯೇ?

ಹೆಸರು ಮಾರ್ಕಸೈಟ್, ಒಳಗಿರುವುದು ಪೈರೈಟೇ. ನಿಜವಾದ ಮಾರ್ಕಸೈಟ್ ಇನ್ನೂ ಬೇಗ ಕೆಡುತ್ತದೆ.

ತೋಟದ ತೋಡಿನಲ್ಲಿ ಹೊಳೆಯುವ ಕಲ್ಲು ಸಿಕ್ಕಿತು. ಚಿನ್ನವಾ?

ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಿರಿ. ಚಿನ್ನ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಉಗುರಿಗೆ ಪದರ ಪದರವಾಗಿ ಏಳುವುದು ಕಾಗೆ ಬಂಗಾರ, ಅಂದರೆ ಅಭ್ರಕ.

ಪೈರೈಟ್ ಹಾಕಿಕೊಂಡರೆ ದುಡ್ಡು ಬರುತ್ತದಂತೆ. ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಆ ನೀರು ಕುಡಿಯಲು ಹೇಳಿದ್ದಾರೆ. (ಗೋಣಿಕೊಪ್ಪದಿಂದ)

ಹೇಳಿದವರಿಗೆ ದುಡ್ಡು ಬರುತ್ತದೆ, ನಿಮಗಲ್ಲ. ಆ ನೀರನ್ನು ಖಂಡಿತ ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ನೀರಿನಲ್ಲಿ ನೆನೆದ ಪೈರೈಟಿನಿಂದ ಆಮ್ಲ ಬಿಡುತ್ತದೆ. ಈ ಕಲ್ಲಿನಲ್ಲಿ ಆರ್ಸೆನಿಕ್ ಕೂಡ ಬೆರೆತಿರುವುದುಂಟು. ಈಗಾಗಲೇ ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಹೊಟ್ಟೆ ತೊಂದರೆ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಕುಡಿದದ್ದು ಏನು ಅಂತ ಮುಚ್ಚಿಡದೆ ಹೇಳಿ.